ಹುಡುಕಾಳಿನ ಟೋಪಿ

ಲೂಷಸ್ ಥ್ರೆಡ್‌ಗಿಲ್‌ಗೆ ಅರವತ್ತಮೂರು ವರ್ಷ. ಅದರಲ್ಲಿ ಮೂವತ್ತನಾಲ್ಕು ವರ್ಷ ಬೇರೆಯವರ ನಾಯಿ ಹುಡುಕುವುದರಲ್ಲೇ ಕಳೆದಿದ್ದವು. ಅಲಬಾಮಾದ ಆ ಎರೆಭೂಮಿಯಲ್ಲಿ ಅದೊಂದು ಮರ್ಯಾದೆಯ ಕಸುಬು. ಮರ್ಯಾದೆ ಇತ್ತು, ಹೆಸರಿರಲಿಲ್ಲ.

ಲಾವಕ್ಕಿ ಹುಡುಕುವ ನಾಯಿಗಳ ಪಂದ್ಯದಲ್ಲಿ ನಾಯಿಗಳು ಜೋಡಿ ಜೋಡಿಯಾಗಿ ಓಡುತ್ತವೆ. ಓಡಿಸುವವನು ಕುದುರೆಯ ಮೇಲೆ ಮುಂದೆ, ಇಬ್ಬರು ತೀರ್ಪುಗಾರರು ಅವನ ಬೆನ್ನಿಗೆ, ಅವರ ಹಿಂದೆ ನೋಡಲು ಬಂದ ಮಂದಿ. ಒಳ್ಳೆಯ ನಾಯಿ ಅರ್ಧ ಮೈಲಿ ಮುಂದೆಯೇ ಇರುತ್ತದೆ. ಹಕ್ಕಿಗಳ ಹಿಂಡಿನ ವಾಸನೆ ಸಿಕ್ಕಿತೋ, ಅಲ್ಲೇ ಕಲ್ಲಾಗಿ ನಿಲ್ಲುತ್ತದೆ. ಹಾಗೆ ಯಾವ ದಿಬ್ಬದ ಆಚೆ, ಯಾವ ಪೊದೆಯ ಸಂದಿಯಲ್ಲಿ ನಿಂತಿದೆ ಎಂದು ಪತ್ತೆ ಮಾಡುವವನೇ ಹುಡುಕಾಳು. ನಾಯಿ ಕಂಡರೆ ಅವನು ಟೋಪಿ ಎತ್ತಿ ಹಿಡಿದು “ಪಾಯಿಂಟ್!” ಎಂದು ಕೂಗಬೇಕು. ತೀರ್ಪುಗಾರರು ಬಂದು ನೋಡುತ್ತಾರೆ, ಓಡಿಸುವವನು ಇಳಿದು ಹಕ್ಕಿ ಎಬ್ಬಿಸಿ, ಬರೀ ಸದ್ದು ಮಾಡುವ ಪಿಸ್ತೂಲು ಹಾರಿಸುತ್ತಾನೆ. ನಾಯಿಯ ಒಂದು ಉಗುರೂ ಅಲುಗಬಾರದು.

ಲೂಷಸ್ ಹೀಗೆ ಹುಡುಕಿ ಕೊಟ್ಟ ನಾಯಿಗಳಲ್ಲಿ ಒಂಬತ್ತು ಚಾಂಪಿಯನ್ ಆಗಿದ್ದವು. ಕ್ಲಬ್‌ಮನೆಯ ಗೋಡೆಯ ಮೇಲೆ ಪೈನ್ ಮರದ ಹಲಗೆ ಇದೆ. ಅದರಲ್ಲಿ ವರ್ಷ, ನಾಯಿಯ ಹೆಸರು, ಯಜಮಾನನ ಹೆಸರು, ಓಡಿಸಿದವನ ಹೆಸರು. ಹುಡುಕಾಳಿಗೆ ಕಾಲಮ್ಮೇ ಇಲ್ಲ. ಒಂದು ಸಲ ಅವನು ಹಲಗೆ ಬರೆಯುವವನನ್ನು ತಮಾಷೆಗೆಂಬಂತೆ ಕೇಳಿದ್ದ: “ಕೊನೇಲಿ ಒಂದ್ ಗೆರೆ ಜಾಗ ಇದ್ಯಲ್ಲ?” ಅವನು ಅಷ್ಟೇ ತಮಾಷೆಯಾಗಿ ಉತ್ತರಿಸಿದ: “ಅದು ಅಂಚು, ಲೂಷಸ್. ಅಂಚು ಖಾಲಿ ಇದ್ರೇನೇ ಚೆಂದ.”

ಅಂದಿನಿಂದ ಅವನ ತಲೆಯಲ್ಲಿ ಒಂದೇ ಹುಳ. ಆ ಹಲಗೆಯ ಮೇಲೆ ಒಮ್ಮೆ ತನ್ನ ಹೆಸರು ಬೀಳಬೇಕು. ಯಜಮಾನನ ಕಾಲಮ್ಮಿನಲ್ಲೂ, ಓಡಿಸಿದವನ ಕಾಲಮ್ಮಿನಲ್ಲೂ. ಅದಕ್ಕಾಗಿ ಟ್ಯಾನ್ಸಿ ಎಂಬ ಕಂದು ಮಚ್ಚೆಯ, ಪಾಯಿಂಟರ್ ಜಾತಿಯ ಹೆಣ್ಣು ಮರಿಯನ್ನು ತಾನೇ ಸಾಕಿ, ತಾನೇ ತಿದ್ದಿದ್ದ. ಆದರೆ ಪ್ರತಿ ಹಂಗಾಮಿನಲ್ಲೂ ಯಾರೋ ಡಾಕ್ಟರು, ಯಾರೋ ವಕೀಲರು, “ಲೂಷಸ್, ನೀನಿಲ್ದೆ ಆಗಲ್ಲಪ್ಪ” ಎಂದು ಬಂದು ನಿಲ್ಲುತ್ತಿದ್ದರು. ಹೊಗಳಿಕೆ ಒಂದು ವಿಚಿತ್ರ ಸರಕು: ಕೊಡುವವನಿಗೆ ಖರ್ಚಿಲ್ಲ, ಕೊಳ್ಳುವವನಿಗೆ ವರ್ಷವೇ ಹೋಗುತ್ತದೆ. ಹೀಗೆ ಟ್ಯಾನ್ಸಿಗೆ ಒಂಬತ್ತು ತುಂಬಿತು. ಆ ವಯಸ್ಸಿನ ನಾಯಿಗೆ ಇನ್ನೊಂದು ಹಂಗಾಮು ಇರುವುದಿಲ್ಲ. ಈ ನವೆಂಬರ್ ತಪ್ಪಿದರೆ ತಪ್ಪಿತು.

ಲೂಷಸ್ ಈ ಸಲ ತಾನೇ ಓಡಿಸುವವನಾದ್ದರಿಂದ ಹುಡುಕಾಳೊಬ್ಬ ಬೇಕಾಯಿತು. ಹೆಂಡತಿ ಓರಾ ತನ್ನ ತಮ್ಮ ಡೆಲ್ಮಾರ್‌ನ ಹೆಸರು ಹೇಳಿದಳು. ಮನೆಯಲ್ಲಿ ಶಾಂತಿ ಬೇಕೆಂದರೆ ಕೆಲವು ನೇಮಕಾತಿಗಳನ್ನು ಪ್ರಶ್ನಿಸಬಾರದು. ಡೆಲ್ಮಾರ್ ಕೆಟ್ಟವನೇನಲ್ಲ, ಕುದುರೆ ಸವಾರಿಯೂ ಚೆನ್ನ. ಆದರೆ ಅವನಿಗೆ ದೇವರು ಒಬ್ಬನಾದರೆ ಕಾಲೇಜು ಫುಟ್‌ಬಾಲ್ ಇನ್ನೊಬ್ಬ. ಆ ಸೀಮೆಯಲ್ಲಿ ಮಗು ಹುಟ್ಟಿದರೆ ಕೆಂಪು ಕಾಲೇಜಿನ ಕಡೆಯೋ ಕಿತ್ತಳೆ ಕಾಲೇಜಿನ ಕಡೆಯೋ ಎಂದು ನಿರ್ಧರಿಸಿದ ಮೇಲೆಯೇ ಹೆಸರಿಡುವುದು. ಡೆಲ್ಮಾರ್ ಕೆಂಪು. ಅವನ ಮನೆಗೆ ಕ್ಯಾರೆಟ್ಟು ಬರುತ್ತಿರಲಿಲ್ಲ.

ಪಂದ್ಯ ಸೋಮವಾರ. ಹಿಂದಿನ ಶನಿವಾರ ಎರಡೂ ಕಾಲೇಜುಗಳ ವರ್ಷದ ಕಾಳಗ ನಡೆದು, ಕೊನೆಯ ಗಳಿಗೆಯಲ್ಲಿ ಕೆಂಪಿನವರು ಸೋತಿದ್ದರು. ಡೆಲ್ಮಾರ್ ನಾಲ್ಕು ಗಂಟೆ ಟಿವಿಯ ಜೊತೆ ಜಗಳವಾಡಿದ್ದ. ಸೋಮವಾರ ಬೆಳಿಗ್ಗೆ ಸಾಸೇಜ್ ಇಟ್ಟ ಬನ್ನು ಕಚ್ಚುತ್ತಾ ಬಂದಾಗ ಅವನ ಗಂಟಲಿನಿಂದ ತುಕ್ಕು ಹಿಡಿದ ಬಾಗಿಲಿನ ಸದ್ದು ಹೊರಟಿತು.

“ಇದೇನೋ ನಿನ್ ದನಿ?” ಲೂಷಸ್ ಗಾಬರಿಯಾದ.

“ರೆಫರಿ ಮೋಸ ಮಾಡ್ದ, ಭಾವ.”

“ಟಿವೀಲಿರೋ ರೆಫರಿಗೆ ನೀನ್ ಕೂಗಿದ್ದು ಕೇಳಿಸ್ತಾ?”

“ಕೇಳ್ಸಿರ್ಬೇಕು. ಪಕ್ಕದ್ಮನೆಯೋರಿಗ್ ಕೇಳ್ಸಿದೆ.”

ಲೂಷಸ್ ತನ್ನ ಪಿಕಪ್ ಗಾಡಿಯೊಳಗಿಂದ ಒಂದು ಹೊಸ ಟೋಪಿ ತೆಗೆದ. ಕಣ್ಣಿಗೆ ರಾಚುವ ಕಿತ್ತಳೆ ಬಣ್ಣ. ನವೆಂಬರಿನ ಒಣಹುಲ್ಲಿನಲ್ಲಿ ಎರಡು ಮೈಲಿ ದೂರಕ್ಕೂ ಕಾಣುವ ಬಣ್ಣ ಅದೊಂದೇ ಎಂದು ಅವನ ಮೂವತ್ತನಾಲ್ಕು ವರ್ಷದ ಅನುಭವ.

ಡೆಲ್ಮಾರ್ ಹಾವು ಕಂಡವನಂತೆ ಹಿಂದೆ ಸರಿದ. “ಭಾವ, ಇವತ್ತು? ಎಲ್ಲಾ ಬಿಟ್ಟು ಇವತ್ತು?”

“ಇದು ಬೇಟೆ ಬಣ್ಣ ಕಣೋ. ಕಾಲೇಜಿಂದಲ್ಲ.”

“ನೋಡೋರಿಗೆ ಗೊತ್ತಾಗ್ಬೇಕಲ್ಲ! ನಮ್ಮಪ್ಪ ಗೋರಿಯಿಂದ ಎದ್ ಬರ್ತಾನೆ.”

“ಬರ್ಲಿ. ಅವ್ನಿಗಾದ್ರೂ ದನಿ ಇರುತ್ತೆ, ಅವ್ನನ್ನೇ ಹುಡುಕಾಳು ಮಾಡ್ಕೋತೀನಿ. ಹಾಕ್ಕೊಳೋ ಸುಮ್ನೆ. ಒಂದ್ ಗಂಟೆ ಕೆಲ್ಸ.”

ಡೆಲ್ಮಾರ್ ಹಾಕಿಕೊಂಡ. ಪಂದ್ಯ ಶುರುವಾದಾಗಲೂ ಅದು ಅವನ ತಲೆಯ ಮೇಲೇ ಇತ್ತು. ಇದನ್ನು ಲೂಷಸ್ ಕಣ್ಣಾರೆ ನೋಡಿದ್ದ. ಸಮಸ್ಯೆ ಏನೆಂದರೆ, ಆಮೇಲೆ ಅವನು ಹಿಂತಿರುಗಿ ನೋಡಲಿಲ್ಲ.

ಟ್ಯಾನ್ಸಿಯ ಜೋಡಿಯಾಗಿ ಓಡಿದ್ದು ಕ್ಲೈಡ್ ಪೆಟಸ್ ಎಂಬ ಕಸುಬುದಾರ ಓಡಿಸುತ್ತಿದ್ದ ಗಂಡು ನಾಯಿ. ಮೊದಲ ಹತ್ತು ನಿಮಿಷದಲ್ಲೇ ಟ್ಯಾನ್ಸಿ ಒಂದು ಹಿಂಡು ಹಿಡಿದಳು, ಇಪ್ಪತ್ತೈದರಲ್ಲಿ ಇನ್ನೊಂದು. ಎರಡೂ ಸಲ ಬಾಲ ಗಡಿಯಾರದ ಹನ್ನೆರಡರ ಮುಳ್ಳಿನಂತೆ ನೆಟ್ಟಗೆ. ಹಿರಿಯ ತೀರ್ಪುಗಾರ ಹಾರ್ಲನ್ ಸ್ಪ್ರೇಬೆರಿ ತುಟಿ ಬಿಚ್ಚದ ಮನುಷ್ಯ. ಅವನೂ ಪುಸ್ತಕದಲ್ಲಿ ಎರಡು ಸಾಲು ಹೆಚ್ಚಿಗೆ ಬರೆದ. ಕ್ಲೈಡ್‌ನ ನಾಯಿಗೆ ಒಂದೇ ಹಿಂಡು ಸಿಕ್ಕಿತ್ತು.

“ನಿನ್ ಮುದುಕಿ ನನ್ ಹೊಟ್ಟೆ ಮೇಲೆ ಹೊಡಿತಾಳೆ ಇವತ್ತು,” ಎಂದ ಕ್ಲೈಡ್.

“ಇನ್ನೂ ಅರ್ಧ ಗಂಟೆ ಇದೆ, ಬಾಯಿ ಮುಚ್ಚು,” ಎಂದ ಲೂಷಸ್. ಅವನಿಗೆ ಆಗಲೇ ಹಲಗೆಯ ಮೇಲಿನ ಅಕ್ಷರ ಕಾಣತೊಡಗಿತ್ತು.

ನಲವತ್ತೊಂದನೇ ನಿಮಿಷದಲ್ಲಿ ಟ್ಯಾನ್ಸಿ ಎಡಗಡೆಯ ದಿಬ್ಬ ಹತ್ತಿ ಮರೆಯಾದಳು.

ದಿಬ್ಬದ ಮೇಲೆ ಕಾಡು ಪ್ಲಮ್ ಪೊದೆ. ಅಲ್ಲಿ ಹಿಂಡು ಇರುತ್ತದೆಂದು ಲೂಷಸ್‌ಗೆ ತನ್ನ ಅಂಗೈಯಷ್ಟೇ ಗೊತ್ತು. ಅವನು ಹುಡುಕಾಳಾಗಿದ್ದರೆ ನಾಲ್ಕು ನಿಮಿಷದ ಕೆಲಸ. ಆದರೆ ಓಡಿಸುವವನು ತೀರ್ಪುಗಾರರನ್ನು ಬಿಟ್ಟು ಹೋಗುವಂತಿಲ್ಲ. ಮುಂದೆಯೇ ಇದ್ದು, ನಾಯಿಗೆ ದಿಕ್ಕು ತಿಳಿಯಲೆಂದು ಹಾಡಿದಂತೆ ಕೂಗುತ್ತಿರಬೇಕು. ಇಡೀ ಕೌಂಟಿಯ ಅತ್ಯುತ್ತಮ ಹುಡುಕಾಳು ಕುದುರೆಯ ಮೇಲೆ ಕುಳಿತು ಹಾಡಬೇಕು. ಹುಡುಕಲು ಭಾಮೈದ ಹೋಗಬೇಕು. “ಪ್ಲಮ್ ಪೊದೆ ಹತ್ರ ನೋಡೋ!” ಎಂದು ಹಿಂದಕ್ಕೆ ಕೂಗಿದ. ಗೊರಸಿನ ಸದ್ದು ಎಡಕ್ಕೆ ಹೋದದ್ದು ಕೇಳಿಸಿತು. ಸದ್ಯ.

ನಲವತ್ತೆಂಟು. ಐವತ್ತು. ದಿಬ್ಬದ ಕಡೆ ಎರಡು ಸಲ ನೋಡಿದ. ಒಣಹುಲ್ಲು, ಇನ್ನಷ್ಟು ಒಣಹುಲ್ಲು. ಕಿತ್ತಳೆ ಎಲ್ಲಿಯೂ ಇಲ್ಲ. ಕಿತ್ತಳೆ ಇಲ್ಲವೆಂದರೆ ಡೆಲ್ಮಾರ್ ಅಲ್ಲಿಲ್ಲ, ಡೆಲ್ಮಾರ್ ಇಲ್ಲವೆಂದರೆ ನಾಯಿ ಅಲ್ಲಿಲ್ಲ. ಲೆಕ್ಕ ಸರಿಯಾಗಿಯೇ ಇತ್ತು.

“ಸಮಯ ಐವತ್ನಾಕು,” ಎಂದ ಸ್ಪ್ರೇಬೆರಿ. “ಪತ್ತೆಪೆಟ್ಟಿಗೆ ಬೇಕಾ?”

ನಾಯಿಯ ಕೊರಳಪಟ್ಟಿಯಲ್ಲಿ ಒಂದು ಯಂತ್ರ, ತೀರ್ಪುಗಾರನ ಜೀನುಚೀಲದಲ್ಲಿ ಅದರ ಜೋಡಿ. ಅದನ್ನು ಕೇಳಿದರೆ ನಾಯಿ ಎಲ್ಲಿದೆಯೆಂದು ತಕ್ಷಣ ತಿಳಿಯುತ್ತದೆ. ಆದರೆ ಕೇಳಿ ಕೈಗೆ ತೆಗೆದುಕೊಂಡ ಕ್ಷಣವೇ ಆ ನಾಯಿ ಪಂದ್ಯದಿಂದ ಹೊರಗೆ. ಇದಕ್ಕೆ ಮರುಮಾತಿಲ್ಲ. ಲೂಷಸ್ ತನ್ನ ಕಾಲದಲ್ಲಿ ಪೆಟ್ಟಿಗೆ ಕೇಳಿದ ಎಷ್ಟೋ ಯಜಮಾನರನ್ನು ಕಂಡು ಬೆನ್ನ ಹಿಂದೆ ನಕ್ಕಿದ್ದ: “ಇನ್ನೈದ್ ನಿಮಿಷ ತಡ್ಕೊಳೋಕ್ಕಾಗ್ದಿದ್ರೆ ಬೆಕ್ಕು ಸಾಕ್ಬೇಕಿತ್ತು.”

“ಬೇಡ,” ಎಂದ.

ಐವತ್ತಾರನೇ ನಿಮಿಷ. ದಿಬ್ಬದ ಆಚೆ ಡಾಂಬರು ರಸ್ತೆಯಿದೆ. ಅಲ್ಲಿ ಮರದ ದಿಮ್ಮಿಯ ಲಾರಿಯೊಂದು ಬ್ರೇಕು ಹಾಕಿದ ಉದ್ದನೆಯ ಕಿರುಚು ಕೇಳಿಬಂತು. ಆಮೇಲೆ ಮೌನ.

ಹನ್ನೊಂದು ವರ್ಷದ ಹಿಂದೆ ಅದೇ ರಸ್ತೆಯಿಂದ ಅವನು ಒಂದು ನಾಯಿಯನ್ನು ಗೋಣಿಚೀಲದಲ್ಲಿ ಹೊತ್ತು ತಂದಿದ್ದ. ಅದರ ಯಜಮಾನನೂ ಕೊನೆಯವರೆಗೆ ಪೆಟ್ಟಿಗೆ ಕೇಳಿರಲಿಲ್ಲ.

ಲೂಷಸ್ ಕೈ ಚಾಚಿದ. “ಕೊಡಿ.”

ಸ್ಪ್ರೇಬೆರಿ ಜೀನುಚೀಲದ ಮೇಲೆ ಕೈಯಿಟ್ಟ. “ಇನ್ ಮೂರೇ ನಿಮಿಷ ಇದೆ, ಲೂಷಸ್. ಖಂಡಿತಾನಾ?”

“ಕೊಡಿ ಅಂದ್ನಲ್ಲ!”

ಪೆಟ್ಟಿಗೆ ಕೈಗೆ ಬಂತು. ಮುಳ್ಳು ನೇರವಾಗಿ ಪ್ಲಮ್ ಪೊದೆಯ ಕಡೆ ತಿರುಗಿ ನಿಂತಿತು. ಅದು ತೋರಿಸಿದ ಇನ್ನೊಂದು ಸಂಗತಿ, ನಾಯಿ ಅಲ್ಲಾಡುತ್ತಿಲ್ಲ. ಸತ್ತ ನಾಯಿಯೂ ಅಲ್ಲಾಡುವುದಿಲ್ಲ. ಲೂಷಸ್ ಕುದುರೆಯನ್ನು ಹಿಮ್ಮಡಿಯಿಂದ ಒದ್ದು ಹಾರಿಸಿದ. ಹಿಂದೆ ಸ್ಪ್ರೇಬೆರಿ, ಅವನ ಹಿಂದೆ ಕ್ಲೈಡ್.

ಇನ್ನೂರು ಗಜ ಹತ್ತಿರ ಹೋದ ಮೇಲೆ ಒಣಹುಲ್ಲಿನ ಒಂದು ತುಂಡು ಕೈ ಆಡಿಸತೊಡಗಿತು. ಹುಲ್ಲು ಬಣ್ಣದ ಕುದುರೆ, ಹುಲ್ಲು ಬಣ್ಣದ ಅಂಗಿ, ಅದರ ಮೇಲೆ ಚಾಚಿದ ಕೈಯಲ್ಲಿ ಮಾಸಿದ ಹುಲ್ಲು ಬಣ್ಣದ ಹಳೇ ಟೋಪಿ. ಡೆಲ್ಮಾರ್ ಬಾಯಿ ತೆರೆದು ಮುಚ್ಚುತ್ತಿದ್ದ. ಇನ್ನೂ ಹತ್ತಿರ ಹೋದಾಗ ತುಕ್ಕು ಬಾಗಿಲು ಕೇಳಿಸಿತು: “ಪಾಯಿಂಟ್... ಪಾಯಿಂಟ್...”

ಅವನಿಂದ ಇಪ್ಪತ್ತು ಹೆಜ್ಜೆ ಮುಂದೆ ಟ್ಯಾನ್ಸಿ. ಒಂದು ಮುಂಗಾಲು ಎತ್ತಿ, ಬಾಲ ಹನ್ನೆರಡಕ್ಕೆ ನಿಲ್ಲಿಸಿ, ಯಾರೋ ಎರಕ ಹೊಯ್ದು ಹೋದಂತೆ.

“ಎಷ್ಟೊತ್ತಿಂದ?” ಲೂಷಸ್‌ನ ದನಿಯೂ ಈಗ ಸರಿಯಿರಲಿಲ್ಲ.

“ಒಂಬತ್ ನಿಮಿಷ ಆಯ್ತು, ಭಾವ! ಕೈ ಬಿದ್ ಹೋಗ್ತಿದೆ. ನೀನ್ ಎರಡ್ ಸಲ ನನ್ನೇ ನೋಡ್ದೆ!”

“ಆ ಟೋಪಿ ಎಲ್ಲಿ?”

ಡೆಲ್ಮಾರ್ ಕುದುರೆಯ ಕಿವಿಗಳನ್ನು ಅಧ್ಯಯನ ಮಾಡಿದ. “ಚೀಲದಲ್ಲಿದೆ. ನೋಡೋಕ್ ಬಂದಿದ್ರಲ್ಲ ಚರ್ಚಿನೋರು, ‘ಏನ್ ಡೆಲ್ಮಾರ್, ಶನಿವಾರ ಸೋತು ಸೋಮವಾರ ಮತ ಬದಲಾಯ್ಸ್‌ಬಿಟ್ಯಾ?’ ಅಂತ ಎಲ್ಲಾ ಒಟ್ಗೆ ನಕ್ರು. ಎಷ್ಟಂತ ತಡ್ಕೊಳ್ಲಿ?”

“ಓಡಿ ಬಂದು ಹೇಳೋಕ್ಕೆ ಏನಾಗಿತ್ತು ರೋಗ?”

“ನಾಯಿ ಬಿಟ್ಟು ಬರ್ಬಾರ್ದು ಅಂತ ನೀನೇ ಹೇಳಿದ್ದು! ಸಾಯೋವರ್ಗೂ ಕಣ್ಣು ಕೀಳ್ಬೇಡ ಅಂದಿದ್ದೆ!”

ಹೇಳಿದ್ದು ನಿಜ. ಅದೇ ಇನ್ನಷ್ಟು ಉರಿಯುವಂತೆ ಮಾಡಿತು. ಲಾರಿ ರಸ್ತೆಯಲ್ಲಿ ಜಿಂಕೆಗೆ ದಾರಿ ಬಿಟ್ಟು, ಯಾವಾಗಲೋ ಹೊರಟು ಹೋಗಿತ್ತು.

ಪಂದ್ಯದಿಂದ ಹೊರಬಿದ್ದ ನಾಯಿಗೂ ಅದು ಪತ್ತೆ ಹಚ್ಚಿದ ಹಕ್ಕಿ ಎಬ್ಬಿಸಿಕೊಡಬೇಕು. ಲೂಷಸ್ ಇಳಿದು ಪೊದೆಯನ್ನು ಒದ್ದ. ಅಗತ್ಯಕ್ಕಿಂತ ಜೋರಾಗಿಯೇ ಒದ್ದ. ಹದಿನೈದು ಹದಿನಾರು ಲಾವಕ್ಕಿ ಭರ್ರೆಂದು ಎದ್ದವು. ಆ ದಿನದ ಅತಿ ದೊಡ್ಡ ಹಿಂಡು. ಪಿಸ್ತೂಲು ಹಾರಿಸಿದ. ಟ್ಯಾನ್ಸಿಯ ಕಣ್ಣು ಮಾತ್ರ ಹಕ್ಕಿಗಳ ಹಿಂದೆ ಹೋಯಿತು, ಮೈ ಹೋಗಲಿಲ್ಲ.

ಸ್ಪ್ರೇಬೆರಿ ಟೋಪಿ ತೆಗೆದು ಎದೆಗೆ ಹಿಡಿದ. ಗಡಿಯಾರ ನೋಡಿದ. ಐವತ್ತೊಂಬತ್ತು. “ಇಪ್ಪತ್ತು ವರ್ಷದಲ್ಲಿ ಇಂಥಾ ನಿಲುವು ನೋಡಿಲ್ಲ,” ಎಂದ. ತುಟಿ ಬಿಚ್ಚದ ಮನುಷ್ಯ ಅಂದೇ ಬಿಚ್ಚಬೇಕೆ. “ಇವತ್ತೂ ನೋಡ್ಲಿಲ್ಲ ಅಂತ ಬರ್ಕೋಬೇಕು.”

“ಬರ್ಕೊಳ್ಳಿ,” ಎಂದ ಲೂಷಸ್.

ಚಾಂಪಿಯನ್ ಆದದ್ದು ಕ್ಲೈಡ್‌ನ ನಾಯಿ, ಒಂದೇ ಹಿಂಡಿನ ಮೇಲೆ. ಕ್ಲೈಡ್ ಕೈ ಕುಲುಕಲು ಬಂದು, “ಇದು ನಿಂದು ಅಂತ ನಂಗೊತ್ತು,” ಎಂದ. “ಹಂಗಾದ್ರೆ ಹಲಗೆ ಬರ್ಯೋನ್ಗೆ ಹೇಳು,” ಎಂದ ಲೂಷಸ್. ಕ್ಲೈಡ್ ನಕ್ಕ. ಹೇಳಲಿಲ್ಲ.

ಗಾಡಿಯ ಹತ್ತಿರ ಡೆಲ್ಮಾರ್ ಜೀನು ಬಿಚ್ಚುತ್ತಿದ್ದ, ತಲೆ ತಗ್ಗಿಸಿ. ಲೂಷಸ್ ಅವನ ಚೀಲಕ್ಕೆ ಕೈ ಹಾಕಿ ಕಿತ್ತಳೆ ಟೋಪಿ ಹೊರಗೆಳೆದ. ಬೆಲೆಚೀಟಿ ಇನ್ನೂ ನೇತಾಡುತ್ತಿತ್ತು. ಅದನ್ನು ಭಾಮೈದನ ತಲೆಗೆ ಕಿವಿಯವರೆಗೆ ಒತ್ತಿ ಕೂರಿಸಿದ.

“ಭಾವ...”

“ಮಾತಾಡ್ಬೇಡ. ಗಾಡಿ ಹಿಂದ್ಗಡೆ ಹತ್ತಿ, ಎಲ್ರಿಗೂ ಕಾಣೋ ಹಂಗೆ ನಿಂತ್ಕೋ. ಮನೆವರ್ಗೂ ಹನ್ನೊಂದ್ ಮೈಲಿ. ತೆಗೆದ್ಯೋ, ನಿಮ್ಮಕ್ಕಂಗೆ ನೀನೇ ಎಲ್ಲಾ ಹೇಳ್ಬೇಕು.”

ಅಕ್ಕನ ಹೆಸರು ಕೇಳಿ ಡೆಲ್ಮಾರ್ ತೆಪ್ಪಗೆ ಹತ್ತಿದ. ಟ್ಯಾನ್ಸಿ ಮುಂದಿನ ಸೀಟಿನಲ್ಲಿ, ಓರಾಳಿಗೆಂದು ಇಟ್ಟಿದ್ದ ಉಣ್ಣೆ ಶಾಲಿನ ಮೇಲೆ ಸುರುಳಿ ಸುತ್ತಿ ಗೊರಕೆ ಹೊಡೆಯತೊಡಗಿದಳು. ತನ್ನ ಕೆಲಸ ತಾನು ಮಾಡಿದವರ ನಿದ್ದೆ ಹಾಗೆಯೇ ಇರುತ್ತದೆ. ಲೂಷಸ್ ಹತ್ತಿ ಗಿರಣಿಯ ಮುಂದೆ, ಪೆಟ್ರೋಲ್ ಬಂಕಿನ ಮುಂದೆ, ಕ್ಷೌರದಂಗಡಿಯ ಮುಂದೆ ಬೇಕೆಂದೇ ಗಾಡಿ ನಿಧಾನ ಮಾಡಿದ. ಕ್ಷೌರದಂಗಡಿಯಿಂದ ಅರ್ಧ ಗಡ್ಡದ ಮನುಷ್ಯನೊಬ್ಬ ಹೊರಗೋಡಿ ಬಂದು ಸಿಳ್ಳೆ ಹಾಕಿದ. ಅಲ್ಲಿಂದ ಮುಂದೆ ರಸ್ತೆ ಎರಡು ಮೈಲಿ ನೇರ. ಊರಿನವರು ಬಾಗಿಲಿಗೆ ಬಂದು ನಿಂತು ನೋಡುತ್ತಲೇ ಇದ್ದರು. ಗಾಡಿ ಚುಕ್ಕೆಯಾಗಿ ಕರಗಿದ ಮೇಲೂ ಡೆಲ್ಮಾರ್ ಮಾತ್ರ ಎಲ್ಲರಿಗೂ ಸ್ಪಷ್ಟವಾಗಿ ಕಾಣುತ್ತಿದ್ದ.