ಅವ್ವ ತಿಕ್ಕಿದ ಹಿತ್ತಾಳೆ

ಹಳೆಯ ಮೋಟಾರು ಕಂಡರೆ ನನಗೆ ಇವತ್ತಿಗೂ ಹೇಸಿಗೆ. ಜನ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ, ನಾನು ಮೂಗು ಮುಚ್ಚಿಕೊಂಡು ದಾಟಿ ಹೋಗುತ್ತೇನೆ. ಪೆಟ್ರೋಲು, ಸುಟ್ಟ ಎಣ್ಣೆ, ಬಿಸಿಲಿಗೆ ಕಾದ ಚರ್ಮದ ಸೀಟು ಕೂಡಿ ಬರುವ ಆ ವಾಸನೆಯಲ್ಲೇ ನಾನು ಬೆಳೆದವಳು.

ಹಳೇ ಬಾಗಲಕೋಟೆಯ ನಮ್ಮ ಮನೆಯಲ್ಲಿ, ಎತ್ತು ಕಟ್ಟುವ ಜಾಗದ ಪಕ್ಕ, ಅಜ್ಜ ಬೆಳಗಾವಿಯ ಒಬ್ಬ ಬಿಳಿ ಸಾಹೇಬನಿಂದ ತಂದ ಕಾರಿತ್ತು. ಅದನ್ನು ಕಾರು ಅನ್ನುವುದೇ ಹೆಚ್ಚು. ಕುದುರೆ ಬಿಚ್ಚಿದ ಟಾಂಗಾಕ್ಕೆ ಮುಂದೊಂದು ಪೆಟ್ಟಿಗೆ ಜೋಡಿಸಿದ ಹಾಗೆ ಇತ್ತು. ಬಾಗಿಲಿಲ್ಲ, ಮೇಲೆ ಮುಚ್ಚಿಗೆಯಿಲ್ಲ. ಹ್ಯಾಂಡಲ್ ತಿರುವಿ ತಿರುವಿ ರಟ್ಟೆ ಬಿದ್ದುಹೋದ ಮೇಲೆ ಒಮ್ಮೆ ಕೆಮ್ಮುತ್ತಿತ್ತು. ಆದರೆ ದೀಪ, ಹಾರ್ನು, ರೇಡಿಯೇಟರ್ ಎಲ್ಲ ಹಿತ್ತಾಳೆ. ಹಿತ್ತಾಳೆ ಅಂದ ಮೇಲೆ ಅದು ಹೆಂಗಸರ ಪಾಲು. ಅಮಾವಾಸ್ಯೆ ಬಂತೆಂದರೆ ಅವ್ವ ದೇವರ ದೀಪ, ತಂಬಿಗೆ ತಿಕ್ಕಿ, ಉಳಿದ ಹುಣಸೆಹಣ್ಣು, ಒಲೆಯ ಬೂದಿ ಹಿಡಿದು ಕಾರಿನ ಕಡೆಗೆ ಹೋಗುತ್ತಿದ್ದಳು. ತೊಳೆದು ವಿಭೂತಿ ಎಳೆಯುವ ತನಕ ಮನೆಯಲ್ಲಿ ಯಾರಿಗೂ ಊಟವಿಲ್ಲ. ಇದು ಅಜ್ಜಿ ಹಾಕಿಕೊಟ್ಟ ಪದ್ಧತಿ. ಹುಣಸೆಯ ಹುಳಿಗೆ ಅವ್ವನ ಬೆರಳ ಸಂದಿ ಯಾವಾಗಲೂ ಒಡೆದಿರುತ್ತಿತ್ತು.

ಅಷ್ಟು ತಿಕ್ಕಿದರೂ ಅವ್ವ ಅದರಲ್ಲಿ ಒಮ್ಮೆಯೂ ಕೂತವಳಲ್ಲ. ತೆರೆದ ಗಾಡಿಯಲ್ಲಿ ಸೊಸೆ ಪೇಟೆ ತುಂಬ ಮೆರೆಯುವುದು ಮನೆತನಕ್ಕೆ ಶೋಭೆಯಲ್ಲ ಎಂದು ಅಜ್ಜ ಅಂದಿದ್ದ. ಅಜ್ಜ ಹೋದ, ಮಾತು ಉಳಿಯಿತು.

ಎಪ್ಪತ್ತರ ದಶಕದ ಕೊನೆ, ನಾನು ಶಾಲೆಯಲ್ಲಿ ಕಲಿಸುತ್ತಿದ್ದ ಕಾಲ. ಮುಂಬೈ ಕಡೆಯ ಹಳೇ ಕಾರಿನ ಶೋಕಿಯವರು ಬಾಗಲಕೋಟೆಯಿಂದ ಬಾದಾಮಿಗೆ ಓಟ ಇಟ್ಟುಕೊಂಡರು. ಪೈಪೋಟಿಯೇನಲ್ಲ. ಬಹಳ ಹಳೆಯ ಕಾರುಗಳು ಯಾರೂ ತಳ್ಳದೆ ಊರು ಮುಟ್ಟಬೇಕು, ಅಷ್ಟೆ. ಇಳಕಲ್ ಸೀರೆ ಉಟ್ಟ ಹೆಂಗಸು ಕೂತರೆ ಫೋಟೋಕ್ಕೆ ಚೆಂದ ಎಂದು ಅವರು ಅಂದದ್ದೇ ತಡ, ಅಪ್ಪನಿಗೆ ಮನೆತನದ ಶೋಭೆ ಮರೆತೇ ಹೋಯಿತು. ಅವ್ವನಿಗೆ ಫೋಟೋ ಬೇಕಿರಲಿಲ್ಲ. ಆ ಗಾಡಿಯಲ್ಲಿ ಕೂತು ಹೋಗಿ ಬಾದಾಮಿಯ ಬನಶಂಕರಿಗೆ ಉಡಿ ತುಂಬಬೇಕೆಂಬುದು ಅವಳ ಬಹಳ ವರ್ಷದ ಆಸೆ. ಗುಳೇದಗುಡ್ಡದ ಕುಪ್ಪಸದ ಖಣ, ಅಕ್ಕಿ, ಕೊಬ್ಬರಿ, ಉತ್ತತ್ತಿ ಗಂಟು ಕಟ್ಟಿ ಹಿಂದಿನ ದಿನವೇ ದೇವರ ಮುಂದೆ ಇಟ್ಟಿದ್ದಳು.

ಅವ್ವ ಅಪ್ಪನ ಪಕ್ಕ ಕೂತಳು. ರೇಡಿಯೇಟರ್ ಕುದಿದರೆ ಹೊಯ್ಯಲು ನೀರಿನ ಕೊಡ ತಬ್ಬಿಕೊಂಡು ನಾನು ಹಿಂದೆ ಕೂತೆ. ಉಳಿದವರ ವೇಷ ನೋಡಿದರೆ ಮೈ ಉರಿಯುತ್ತಿತ್ತು. ನಮ್ಮ ಕಡೆಯ ಬಿಸಿಲಿನಲ್ಲಿ ಉಣ್ಣೆಯ ಕೋಟು, ಟೊಪ್ಪಿಗೆ! ಬಿಳಿಯರು ಹೋದರೂ ಅವರ ಬಟ್ಟೆ ಬಿಚ್ಚಲು ಇವರಿಗೆ ಮನಸ್ಸಿಲ್ಲ. ಎದುರು ಬಂದ ಬಂಡಿಗಳನ್ನು ಗದರಿಸಿ ರಸ್ತೆಯಿಂದ ಕೆಳಗಿಳಿಸುತ್ತಿದ್ದರು. ಒಬ್ಬ ತಿಂದ ಬಾಳೆಹಣ್ಣಿನ ಸಿಪ್ಪೆಯನ್ನು ಎತ್ತಿನ ಬೆನ್ನ ಮೇಲೆ ಎಸೆದು ನಕ್ಕ. ನಾನು ಮೂಗು ಮುಚ್ಚಿಕೊಂಡದ್ದು ಹೊಗೆಗೋ ಇವರಿಗೋ ಹೇಳಲಾರೆ. ಅವ್ವ ಮಾತ್ರ ಸೆರಗು ಹಾರದಂತೆ ಹಿಡಿದು, ಹೊಲದಲ್ಲಿ ಕಂಡ ಹೆಂಗಸರಿಗೆಲ್ಲ ಕೈ ಬೀಸುತ್ತಿದ್ದಳು.

ದಾರಿಯಲ್ಲಿ ಒಂದು ಕ್ರಾಸಿನಲ್ಲಿ ಚಹಾಕ್ಕೆ ನಿಂತಾಗ ತಪಾಸಣೆ. ಶೋಕಿಯವರ ಹಿರಿಯನೊಬ್ಬ ಕಾರು ಸುತ್ತಿ, ಇಂಥ ಹೊಳಪು ಎಲ್ಲಿಯೂ ಕಂಡಿಲ್ಲ ಎಂದು ಹೊಗಳಿ, ಕೊನೆಗೆ ರೇಡಿಯೇಟರ್ ಮೇಲಿನ ಬಿಲ್ಲೆಯ ಮುಂದೆ ಬಗ್ಗಿದ. ತಯಾರಾದ ವರ್ಷ, ನಂಬರು ಅದರ ಮೇಲಿರಬೇಕಿತ್ತು. ಏನೂ ಇರಲಿಲ್ಲ. ಅಂಗೈಯಷ್ಟು ನುಣುಪು. ಗುರುತಿಲ್ಲದ ಕಾರನ್ನು ಲೆಕ್ಕಕ್ಕೆ ಹಿಡಿಯಲಾಗದು, ಬೇಕಾದರೆ ಎಲ್ಲರ ಹಿಂದೆ ಬನ್ನಿ ಎಂದ.

ಅಪ್ಪ ಅವ್ವನ ಕಡೆ ಬೆರಳು ಮಾಡಿದ. "ಈಕಿ ತಿಕ್ಕಿ ತಿಕ್ಕಿ ಅಳಿಸ್ಯಾಳ್ರಿ. ಹೆಣ್ಣಮಕ್ಕಳಿಗೆ ಏನ್ ತಿಳೀತೈತ್ರಿ."

ಅವರು ನಕ್ಕರು. ಅವರ ಸಂಗಡ ಅಪ್ಪನೂ ನಕ್ಕ. ಆ ನಗೆ ನೆನೆದರೆ ನನಗೆ ಈಗಲೂ ಬಾಯಲ್ಲಿ ಕಹಿಯಾಗುತ್ತದೆ. ಹೊಳೆಯದಿದ್ದರೆ ಬೈಯುತ್ತಿದ್ದ ಮನುಷ್ಯ ಇವನೇ.

ಅವ್ವ ಗಂಟು ಎತ್ತಿಕೊಂಡು ಇಳಿದಳು. "ನಿಮ್ಮ ಗಾಡಿ ನೀವ್ ಒಯ್ರಿ" ಎಂದಷ್ಟೇ ಅಂದು ಬಾದಾಮಿ ಬಸ್ಸಿನ ಕಡೆ ನಡೆದಳು. ನಾನು ಹಿಂದೆಯೇ ಓಡಿದೆ. ಸಿಟ್ಟಿನಲ್ಲಿ ಕೊಡವನ್ನೂ ಹೊತ್ತುಕೊಂಡೇ ಬಂದಿದ್ದೆ.

ಬಸ್ಸು ಹೊರಡುವುದು ತಡವಾಯಿತು. ಅರ್ಧ ದಾರಿಯಲ್ಲಿ ನೋಡಿದರೆ, ರಸ್ತೆ ಬದಿಗೆ ನಮ್ಮ ಕಾರು ಉಗಿ ಉಗುಳುತ್ತ ನಿಂತಿದೆ. ಕೋಟಿನವರು ಮುಂದೆ ಹೋಗಿಬಿಟ್ಟಿದ್ದರು. ಅಪ್ಪ ಖಾಲಿ ಚಹಾದ ಡಬ್ಬಿಯೊಂದನ್ನು ಹಿಡಿದು ಸುತ್ತ ನೀರು ಹುಡುಕುತ್ತಿದ್ದ. ನಿಮ್ಮವರೇನು, ಬಸ್ಸು ನಿಲ್ಲಿಸಲೇನು ಎಂದು ಕಂಡಕ್ಟರ್ ಕೇಳಿದ. ಅವ್ವ ನನ್ನ ತೊಡೆಯ ಮೇಲಿನ ತುಂಬಿದ ಕೊಡ ನೋಡಿದಳು, ಕಿಟಕಿಯಾಚೆ ನೋಡಿದಳು, ಬೇಡವೆಂದು ತಲೆಯಾಡಿಸಿದಳು. ಬನಶಂಕರಿಗೆ ಬಸ್ಸಿನಲ್ಲೇ ಹೋಗಿ ಉಡಿ ತುಂಬಿದೆವು.

ಮುಂದಿನ ಅಮಾವಾಸ್ಯೆಗೆ ಅವ್ವ ದೀಪ, ತಂಬಿಗೆ ತಿಕ್ಕಿ ಕೈ ತೊಳೆದುಕೊಂಡಳು. ಕಾರಿನ ಹಿತ್ತಾಳೆ ಮೊದಲು ಕಪ್ಪಾಯಿತು, ಆಮೇಲೆ ಹಸಿರುಗಟ್ಟಿತು. ವರ್ಷ ತುಂಬುವಾಗ ಆ ಶೋಕಿಯವರು ಮತ್ತೆ ಬರುವ ಸುದ್ದಿ ಬಂತು. ಅಪ್ಪ ತಾನೇ ಒಂದು ಉಂಡೆ ಹುಣಸೆಹಣ್ಣು ತಂದು ಅವ್ವನ ಮುಂದೆ ಇಟ್ಟ.

ಅವ್ವ ಅದನ್ನು ಎತ್ತಿ ಸಾರಿನ ಪಾತ್ರೆಯ ಪಕ್ಕ ಇಟ್ಟಳು. "ಬ್ಯಾಡ್ರಿ. ಇನ್ನೂ ಏನರ ಉಳದಿದ್ರ ಅದೂ ಅಳಿಸಿ ಹೋದೀತು."