ಸುಣ್ಣದ ಗೆರೆ

ಸವಣೂರಿನ ಮಿಸ್ತ್ರಿ ಮೋದಿನಸಾಬರಿಗೆ ಬಿಚ್ಚುವುದಕ್ಕಿಂತ ಕೂಡಿಸುವುದರದ್ದೇ ಚಿಂತೆ. ಅದಕ್ಕೇ ಯಾವ ಯಂತ್ರ ಬಿಚ್ಚಿದರೂ, ನಟ್ಟು ನಿಂತಿದ್ದ ಜಾಗಕ್ಕೆ ಸುಣ್ಣದಿಂದ ಗೆರೆ ಎಳೆಯುತ್ತಿದ್ದರು. 1941ರಲ್ಲಿ ಚಿಕ್ಕೇರೂರಿನ ಕಲ್ಲನಗೌಡರ ಹಳೆಯ ಟ್ರ್ಯಾಕ್ಟರಿನ ಗವರ್ನರ್ ಸರಳಿಗೂ ಹಾಗೇ ಎಳೆದರು. ಇಂಜಿನ್ನಿನ ಓಟಕ್ಕೆ ಆ ಸರಳೇ ಲಗಾಮು; ಅದರ ನಟ್ಟು ಒಂದು ಸುತ್ತು ತಪ್ಪಿದರೂ ಓಟ ಹಿಡಿತಕ್ಕೆ ಸಿಗದು. ಸರಳನ್ನು ಗೌಡರ ಮನೆಯಲ್ಲೇ ಬಿಟ್ಟು, ಸವೆದ ಪಿನ್ನು ಹೊಸದಾಗಿ ಮಾಡಲು ಸವಣೂರಿಗೆ ಹೋದರು. ತಿರುಗಿ ಬರುವಷ್ಟರಲ್ಲಿ ಮಹಾನವಮಿಯ ಖಂಡೇಪೂಜೆ, ಅಂದರೆ ಆಯುಧಪೂಜೆ, ಮುಗಿದಿತ್ತು.

ಗೌಡರ ತಾಯಿ ಬಸಲಿಂಗವ್ವ ಪೂಜೆಯ ಹಲಗೆ ತೋರಿಸಿದರು. "ನೋಡ್ರಿ ಸಾಬ್ರ, ಎಲ್ಲಾ ಹುಣಸಿಹಣ್ಣು ಹಚ್ಚಿ ತಿಕ್ಕೇನಿ. ಎಷ್ಟ ಹೊಲಸಾಗಿದ್ವು!"

ಕುಡಗೋಲು, ಕೊಡಲಿಗಳ ನಡುವೆ ಸರಳು ಥಳಥಳಿಸುತ್ತಿತ್ತು. ನಟ್ಟನ್ನೂ ಬಿಚ್ಚಿ ತೊಳೆದಿದ್ದರು. ಮೈತುಂಬ ವಿಭೂತಿ, ಸುಣ್ಣದ ಗೆರೆ ಮಾತ್ರ ಇರಲಿಲ್ಲ.

"ಚಲೋ ಆತ್ರಿ ಅವ್ವಾರ," ಎಂದರು ಮೋದಿನಸಾಬರು.

ಅಂದಾಜಿನ ಮೇಲೆ ನಟ್ಟು ತಿರುಗಿಸಿ ಸರಳು ಕೂಡಿಸಿದರು. ಹ್ಯಾಂಡಲ್ ಹೊಡೆದದ್ದೇ ತಡ, ಇಂಜಿನ್ನು ಅರಚಿಕೊಂಡಿತು. ಥ್ರಾಟಲ್ ಇಳಿಸಿದರೂ ಓಟ ಇಳಿಯಲಿಲ್ಲ. ಎಣ್ಣೆ ನಿಲ್ಲಿಸುವಷ್ಟರಲ್ಲಿ ಒಳಗೆ ಏನೋ ಮುರಿದ ಸದ್ದಾಯಿತು.

"ಗುರ್ತ ಮಾಡಿದ್ದಿಲ್ಲೇನ ಸಾಬಾ?" ಗೌಡರು ಕೂಗಾಡಿದರು.

ಬಾಗಿಲಲ್ಲಿ ಬಸಲಿಂಗವ್ವ ನಿಂತಿದ್ದರು. ಮೋದಿನಸಾಬರು ತಲೆ ತಗ್ಗಿಸಿ, "ಮರತಿದ್ನಿರಿ," ಎಂದರು.

ಆ ಒಂದು ಸುಳ್ಳಿಗೆ ಇಪ್ಪತ್ತು ವರ್ಷದ ಹೆಸರು ಮಣ್ಣುಪಾಲಾಯಿತು. ಮಿಸ್ತ್ರಿಗೆ ಮರೆವು ಬಂದಿದೆ ಎಂದು ಜನ ಕರೆಯುವುದನ್ನೇ ಬಿಟ್ಟರು.

ಮರುವರ್ಷ ಮಹಾನವಮಿಗೆ ಅದೇ ಸರಳು ಮತ್ತೆ ಬಿಚ್ಚಿ ಬಿದ್ದಿತ್ತು. ಬಸಲಿಂಗವ್ವ ಅದನ್ನು ತೊಳೆಯಲು ಯಾರಿಗೂ ಬಿಡಲಿಲ್ಲ. ಹೋದ ವರ್ಷ ತಾವೇ ತಿಕ್ಕಿ ತೆಗೆದಿದ್ದ ಬಿಳಿ ಗೆರೆ ನೆನಪಾಗಿ, ಬೆಳಕಿಗೆ ಹಿಡಿದು ಸುಣ್ಣದ ಗೆರೆ ಹುಡುಕಿದರು. ಎಲ್ಲಿಯೂ ಇರಲಿಲ್ಲ. ಈ ಸಲ ಬಿಚ್ಚಿದವನು ಹುಬ್ಬಳ್ಳಿಯ ಮಿಸ್ತ್ರಿ.