ಜೋಳದ ಹೊಲದಿಂದ ಮಂಗಲಾ ಸುತ್ತಿ ತಂದ ಟೇಪು

ಬನಹಟ್ಟಿಯ ಓಣಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕರೆಂಟು ಬಂದದ್ದೇ ತಡ, ಪಾವರ್‌ಲೂಮುಗಳು ಒಂದರ ಹಿಂದೊಂದು ಖಟಕ್ ಖಟಕ್ ಎಂದು ಶುರುವಾಗುತ್ತವೆ. ಕಾರ್ಖಾನೆಯ ಮೂಲೆಯಲ್ಲಿ ಮಂಗಲಾ ಕಂಡಿಕೆ ಸುತ್ತುತ್ತಿದ್ದಾರೆ. ಲಾಳಿಯೊಳಗೆ ಕೂರುವ ಗೇಣುದ್ದದ ಕೋಲಿಗೆ ನೂಲು ಸುತ್ತುವ ಕೆಲಸ ಅದು. ಎಡಗೈ ಬೆರಳುಗಳ ನಡುವೆ ಒದ್ದೆ ಬಟ್ಟೆಯ ತುಂಡು, ಅದರೊಳಗಿಂದ ಹಾಯ್ದು ಹೋಗುವ ನೂಲು. ಹಾಗೆ ಹಿಡಿದರೆ ನೂಲು ಬಿಗಿಯಾಗಿ ಕೂರುತ್ತದೆ, ಧೂಳು ಬಟ್ಟೆಯಲ್ಲೇ ಉಳಿಯುತ್ತದೆ. ಇದನ್ನು ಅವರಿಗೆ ಯಾರೂ ಕಲಿಸಿದ್ದಲ್ಲ. ಅವ್ವನ ಮಗ್ಗುಲಲ್ಲಿ ಕೂತು ಆಡುತ್ತಲೇ ಕೈಗೆ ಬಂದದ್ದು.

ಬಲಗಾಲು ಮಾತ್ರ ಸುಮ್ಮನಿಲ್ಲ, ನೆಲ ಬಡಿಯುತ್ತಲೇ ಇದೆ. ಪಕ್ಕದಲ್ಲಿ ಕೂತ ಮಾಯವ್ವ ಅದನ್ನು ನೋಡಿ ಕೆಣಕುತ್ತಾರೆ: "ಕುಂತಲ್ಲೇ ಡ್ರಮ್ ಬಾರಸಾಕತ್ತೀಯಲ್ಲ ಬೇ!"

"ನಾ ಬಿಟ್ಟ ಭಾಳ ವರ್ಷ ಆತು. ಕಾಲಿಗೆ ಯಾರ ಹೇಳಬೇಕು?"

ಗೊತ್ತಿಲ್ಲದವರಿಗೆ ಇದು ತಮಾಷೆ ಅನ್ನಿಸೀತು. ಆದರೆ ಮಂಗಲಾ ಖರೇನೇ ಡ್ರಮ್ ಬಾರಿಸುತ್ತಿದ್ದವರು. ೧೯೯೯ರಲ್ಲಿ, ಜಮಖಂಡಿಯಲ್ಲಿ ಓದುತ್ತಿದ್ದಾಗ, ನಾಲ್ವರು ಹುಡುಗಿಯರು ಸೇರಿ ಒಂದು ರಾಕ್ ಬ್ಯಾಂಡು ಕಟ್ಟಿದ್ದರು. ಅದಕ್ಕೆಲ್ಲ ಮೂಲ ಕಾವೇರಿ. ಕೋರ್ಟಿನ ಗುಮಾಸ್ತರ ಮಗಳು, ಗಿಟಾರೂ ಅವಳದೇ, ದನಿಯೂ ಅವಳದೇ. ಪುಣೆಯಲ್ಲಿ ಓದುತ್ತಿದ್ದ ಅಣ್ಣ ರಜೆಗೆ ಬರುವಾಗ ಒಂದು ಗಿಟಾರನ್ನೂ ಒಂದಿಷ್ಟು ಇಂಗ್ಲಿಷ್ ಕ್ಯಾಸೆಟ್ಟುಗಳನ್ನೂ ತಂದಿದ್ದ.

"ಹಾರ್ಡ್ ರಾಕ್ ಅಂದ್ರೇನಂತ ನಮಗೂ ಪೂರಾ ಗೊತ್ತಿರಲಿಲ್ಲರಿ," ಎಂದು ನಗುತ್ತಾರೆ ಮಂಗಲಾ. "ಕಾವೇರಿ ಕ್ಯಾಸೆಟ್ ಹಚ್ಚಿದ್ಲು. ಏ, ಇದು ನಮ್ಮಪ್ಪನ ಕಾರ್ಖಾನಿ ಸಪ್ಪಳಾನ ಐತಲ್ಲ ಅಂದ್ನಿ. ಹಂಗಾದ್ರ ನೀನ ಡ್ರಮ್ ಬಾರಸು ಅಂದ್ಲು. ಅಷ್ಟ ಆತು ನೋಡ್ರಿ ನನ್ನ ಕಲಿಕಿ."

ಹಾಡುಗಳೆಲ್ಲ ಅವರದೇ, ಎಲ್ಲ ಕನ್ನಡದವು. ಕೀಬೋರ್ಡಿನ ಹುಡುಗಿ ಬೀಳಗಿ ಕಡೆಯವಳು. ಅವಳ ಮನೆ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗುವುದಿತ್ತು. ಅದರ ಮೇಲೂ ಒಂದು ಹಾಡು ಕಟ್ಟಿದರು. ಕಾಲೇಜಿನ ಗ್ಯಾದರಿಂಗಿನಲ್ಲಿ, ಅಂದರೆ ವಾರ್ಷಿಕೋತ್ಸವದಲ್ಲಿ, ಕಾವೇರಿ ಆ ಹಾಡು ಎತ್ತಿದಾಗ ಮುಂದಿನ ಸಾಲಿನ ಹಿರಿಯರು ಕಿವಿ ಮುಚ್ಚಿಕೊಂಡು ಎದ್ದು ಹೋದರಂತೆ. ಹಿಂದಿದ್ದ ಹುಡುಗಿಯರು ಖುರ್ಚಿ ಹತ್ತಿ ನಿಂತರಂತೆ. ಮೈಕ್‌ಸೆಟ್ಟಿನ ಹುಲೆಪ್ಪ ತನ್ನ ಖುಷಿಗೆ ಅದನ್ನೆಲ್ಲ ಒಂದು ಒಳ್ಳೆಯ ಕ್ಯಾಸೆಟ್ಟಿಗೆ ತುಂಬಿಸಿ ಮಂಗಲಾ ಕೈಗೆ ಕೊಟ್ಟ. ಆ ಬ್ಯಾಂಡು ವೇದಿಕೆ ಹತ್ತಿದ್ದು ಅದೊಂದೇ ಸಲ. ಆಮೇಲೆ ಮನೆಯವರು ವರ ನೋಡಿದರು, ನಾಲ್ವರೂ ನಾಲ್ಕು ದಿಕ್ಕಾದರು.

ಕಾವೇರಿ ಮುಧೋಳಕ್ಕೆ ಸೊಸೆಯಾಗಿ ಹೋದಳು. ಮಗಳು ಸುವರ್ಣಾ ಇನ್ನೂ ಅಂಬೆಗಾಲಿಡುವಾಗಲೇ ಗಂಟಲಲ್ಲಿ ಗಂಟು ಕಾಣಿಸಿತು. ಆಪರೇಶನ್ ಆಯಿತು, ಜೀವ ಉಳಿಯಿತು, ದನಿ ಉಳಿಯಲಿಲ್ಲ. ಈಗ ಅವರು ತುಟಿ ಆಡಿಸುತ್ತಾರೆ, ಉಸಿರಷ್ಟೇ ಬರುತ್ತದೆ.

ಎರಡು ವರ್ಷದ ಹಿಂದೆ, ಚಳಿಗಾಲದಲ್ಲಿ, ಕಾವೇರಿ ಮಗಳನ್ನು ಕರೆದುಕೊಂಡು ಬನಹಟ್ಟಿಗೆ ಬಂದರು. ಹೈಸ್ಕೂಲಿನ ಸುವರ್ಣಾ ಬಂದವಳೇ ಮಂಗಲಾರನ್ನು ಚಿಕ್ಕಮ್ಮನೆಂಬಂತೆ ಕರೆದು ಕೇಳಿದಳು: "ಮೌಶಿ, ಅವ್ವ ಹಾಡತಿದ್ಲಂತ ಎಲ್ಲಾರೂ ಹೇಳತಾರ. ನನಗ ಅಕಿ ಬೈದದ್ದೂ ನೆನಪಿಲ್ಲ. ಆ ಕ್ಯಾಸೆಟ್ ಐತೇನ್ರಿ?"

ಐತಿ ಅಂದರು ಮಂಗಲಾ. ಅಟ್ಟ ಹತ್ತಿದರು. ಕ್ಯಾಸೆಟ್ಟಿನ ಡಬ್ಬಿ ಇದ್ದ ಜಾಗದಲ್ಲಿ ಏನೂ ಇರಲಿಲ್ಲ. ಕೆಳಗೆ ಬಂದು ಮಾವ ಮಹಾಲಿಂಗಪ್ಪನವರನ್ನು ಕೇಳಿದರೆ, ಅವರು ನಿರಾಳವಾಗಿ ಹೇಳಿದರು: "ಹೊಲದಾಗ ಕಟ್ಟೇನಲ್ಲ ಯವ್ವಾ, ಹಕ್ಕಿಗೆ."

ತೆನೆ ಹಾಲುಗಟ್ಟುವ ಹೊತ್ತಿಗೆ ಹಳೆಯ ಕ್ಯಾಸೆಟ್ಟಿನ ಟೇಪು ಬಿಚ್ಚಿ ಗೂಟದಿಂದ ಗೂಟಕ್ಕೆ ಎಳೆದು ಕಟ್ಟುವುದು ಈ ಕಡೆ ರೂಢಿ. ಬಿಸಿಲಿಗೆ ಮಿಂಚುತ್ತದೆ, ಗಾಳಿಗೆ ಗುಂಯ್ ಎನ್ನುತ್ತದೆ, ಹಕ್ಕಿ ಹತ್ತಿರ ಸುಳಿಯುವುದಿಲ್ಲ. ಮುದುಕರದೇನು ತಪ್ಪು? "ಟೇಪ್ ರೆಕಾರ್ಡರ್ ಕೆಟ್ಟ ಎಷ್ಟ ದಿನಾ ಆತು. ಅದರಾಗ ನೀ ಅದಿ ಅಂತ ನನಗ ಯಾರ ಹೇಳಿದ್ರು?" ಎಂದು ಅವರೂ ಮುಖ ಸಣ್ಣ ಮಾಡಿಕೊಂಡರು.

ಗಂಡ ವಿಠೋಬಾನ ಬೈಕಿನ ಹಿಂದೆ ನೂಲು ಸುತ್ತುವ ಕೈರಾಟೆ ಹಿಡಿದು ಮಂಗಲಾ ಹೊಲಕ್ಕೆ ಓಡಿದರು. ಸಿನಿಮಾ ಹಾಡು, ಭಜನೆಗಳ ಟೇಪೆಲ್ಲ ಕಂದು ಬಣ್ಣದವು. ಹುಲೆಪ್ಪ ಕೊಟ್ಟದ್ದು ಕಪ್ಪು. ಅದೊಂದನ್ನೇ ಹುಡುಕಿ, ಗೂಟದಿಂದ ಬಿಡಿಸಿ, ಬದುವಿನ ಮೇಲೆ ಕೂತು ರಾಟೆಗೆ ಸುತ್ತತೊಡಗಿದರು. ಬಾಜೂ ಹೊಲದ ಶಿವವ್ವ ನಿಂತು ನೋಡಿ, "ಏನ ಮಂಗಲಾ, ಜ್ವಾಳಕ್ಕ ಸೀರಿ ನೇಯತೀಯೇನ?" ಎಂದು ಕೂಗಿದರು. ಮಂಗಲಾ ತಲೆ ಎತ್ತಲಿಲ್ಲ. ಕಡಿದಲ್ಲಿ ನೇಕಾರರ ಗಂಟು ಹಾಕಿದರು. ಒಂದು ತುಣುಕನ್ನೂ ಬಿಡಲಿಲ್ಲ.

ಮರುದಿನ ಜಮಖಂಡಿ. ಹುಲೆಪ್ಪನದು ಈಗ ಮೊಬೈಲ್ ರಿಪೇರಿ ಅಂಗಡಿ. ಹಳೆಯ ಟೇಪ್ ರೆಕಾರ್ಡರ್ ಒಂದು ಇನ್ನೂ ಇಟ್ಟುಕೊಂಡಿದ್ದಾರೆ. ಗಂಟುಗಳನ್ನು ಕತ್ತರಿಸಿ, ಅಂಟಿಸಿ, ಬೇರೆ ಕ್ಯಾಸೆಟ್ಟಿಗೆ ತುಂಬಿ ಹಚ್ಚಿದರು. ಬೆಂಚಿನ ಮೇಲೆ ಕಾವೇರಿ, ಸುವರ್ಣಾ, ಮಂಗಲಾ.

ಡ್ರಮ್ ಬಂತು. ದೂರದಲ್ಲಿ ಯಾರೋ ಕದ ಬಡಿದ ಹಾಗೆ, ಧಪ್ ಧಪ್. ಮಂಗಲಾ ಕೈ ಎತ್ತಿ, ಈಗ ಬರತೈತಿ ತಡಿ, ಈಗ ಎತ್ತಕೋತಾಳ, ಅಂದರು. ದನಿ ಬರಬೇಕಾದ ಜಾಗದಲ್ಲಿ ಸೊಯ್ ಎಂಬ ಸದ್ದು. ಮತ್ತೆ ಡ್ರಮ್. ಮತ್ತೆ ಸೊಯ್. ಎರಡೂ ಬದಿ ಮುಗಿಯಿತು.

ಹುಲೆಪ್ಪ ಟೇಪನ್ನು ಬೆಳಕಿಗೆ ಹಿಡಿದು ನೋಡಿದರು. "ಯಕ್ಕಾ, ಬಿಸಿಲಿಗೆ ಸ್ವಲ್ಪ ಹೋಗೇತಿ, ಖರೆ. ಆದ್ರ ಇದು ತಿಕ್ಕಿದಂಗ ಐತಲ್ಲ. ಹೆಂಗ ಸುತ್ತಿದಿ?"

ಮಂಗಲಾ ಎರಡು ಬೆರಳು ಜೋಡಿಸಿ ತೋರಿಸಿದರು. ನಡುವೆ ಒದ್ದೆ ಬಟ್ಟೆ, ಬಿಗಿಯಾಗಿ. ಹುಟ್ಟಿದಾಗಿನಿಂದ ಸುತ್ತಿದ ಹಾಗೆಯೇ.

ಹುಲೆಪ್ಪ ಟೇಪನ್ನು ಮೇಜಿನ ಮೇಲಿಟ್ಟರು. ಆಮೇಲೆ ಮೆಲ್ಲಗೆ, "ದನಿ ಇರೂದ ಆ ಮ್ಯಾಲಿನ ಮಸಿಯೊಳಗ ಯಕ್ಕಾ. ಸಣ್ಣ ದನಿ ಮೊದಲ ಹೋಗತೈತಿ. ದಪ್ಪ ಸಪ್ಪಳ ಅಷ್ಟ ಉಳೀತೈತಿ," ಅಂದರು.

ಇದನ್ನು ಹೇಳುವಾಗ ಮಂಗಲಾ ಕೆಲಸ ನಿಲ್ಲಿಸುತ್ತಾರೆ. "ಕೈಯಾಗಿನ ಒದ್ದಿ ಅರಿವಿಗೆ ಕರೇದು ಹತ್ತಿದ್ದು ನೋಡಿದ್ನಿರಿ. ಹೊಲದ ಧೂಳ ಅನಕೊಂಡ್ನಿ. ಮನಿಗೆ ಬಂದು ತೊಳದು ಹಿಂಡಿ ಒಣಗ ಹಾಕಿದ್ನಿ. ನೀರೆಲ್ಲ ಕರ್ರಗ ಆಗಿ ಬಚ್ಚಲದಾಗ ಹೋತು. ಮಾವ ಹಕ್ಕಿಗೆ ಕಟ್ಟಿದ್ರೂ ಅಕಿ ಉಳದಿದ್ಲೇನೋ. ನಾ ತೊಳದು ಕಳದ್ನಿ."

ಅಂಗಡಿಯಲ್ಲಿ ಸುವರ್ಣಾ ಸಮಾಧಾನಕ್ಕೆಂದು, "ಡ್ರಮ್ ಮಸ್ತ್ ಬಾರಿಸೀರಿ ಮೌಶಿ," ಅಂದಳಂತೆ. ಮಂಗಲಾಗೆ ಅದಕ್ಕಿಂತ ದೊಡ್ಡ ಪೆಟ್ಟು ಬೇರೆ ಬೇಕಿರಲಿಲ್ಲ. ಕಾವೇರಿ ಮಾತ್ರ ಗೆಳತಿಯ ಕೈಯನ್ನು ಎಳೆದು ತಮ್ಮ ತೊಡೆಯ ಮೇಲಿಟ್ಟುಕೊಂಡರು. ಏನೋ ಹೇಳಲು ತುಟಿ ಆಡಿಸಿದರು. ಏನೆಂದು ಯಾರಿಗೂ ತಿಳಿಯಲಿಲ್ಲ. ಅವರು ಇನ್ನೊಮ್ಮೆ ಹೇಳಲೂ ಇಲ್ಲ.

ಆಮೇಲೆ ಕಾವೇರಿ ಬನಹಟ್ಟಿಗೆ ಬಂದಿಲ್ಲ. ಜಗಳವೇನಿಲ್ಲ. ಮುಧೋಳದ ಬಸ್ಸು ದಿನಾ ಇದೇ ದಾರಿಯಲ್ಲಿ ಹೋಗುತ್ತದೆ, ಮಂಗಲಾ ಕೂಡ ಹತ್ತಿಲ್ಲ. ಬೀಳಗಿಯ ಗೆಳತಿ ಎಲ್ಲಿದ್ದಾಳೋ ಗೊತ್ತಿಲ್ಲ, ಬ್ಯಾಂಡಿನ ನಾಲ್ಕನೆಯವಳ ವಿಳಾಸವೂ ಇಲ್ಲ. ಕಾವೇರಿಯ ಅಣ್ಣನ ಬಳಿ ಬೇರೆ ಪ್ರತಿ ಇರಬಹುದೆಂಬ ಆಸೆಯಿತ್ತು. ಅದೂ ಸುಳ್ಳಾಯಿತು.

ಬಿಸಿಲು ಏರಿದೆ. ಬುಟ್ಟಿ ತುಂಬ ಕಂಡಿಕೆ. ಏನಾದರೂ ಬೇಕೇ ಎಂದು ಕೇಳಿದರೆ ಮಂಗಲಾ ಮೊದಲು ಏನಿಲ್ಲರಿ ಅನ್ನುತ್ತಾರೆ. ಆಮೇಲೆ ತಾವೇ ಮಾತು ತೆಗೆಯುತ್ತಾರೆ:

"ಪೇಪರಿನಾಗ ಒಂದ ಮಾತ ಹಾಕ್ರಿ. ಆವತ್ತ ಗ್ಯಾದರಿಂಗಿಗೆ ಬಂದಾವ್ರು ಯಾರರ ಇದ್ರ, ಮುಧೋಳಕ್ಕ ಹೋಗಿ ಆ ಹುಡಿಗಿಗೆ ಹೇಳ್ರಿ, ನಿಮ್ಮವ್ವ ಹಾಡಿದ್ದ ನಾವು ಕೇಳೇವಿ ಅಂತ. ನಾ ಹೇಳಿದ್ರ ತಪ್ಪ ಮುಚ್ಚಗೊಳ್ಳಾಕ ಹೇಳತಾಳ ಅಂದಾಳು. ಎದ್ದ ಹ್ವಾದಾವ್ರ ಆದ್ರೂ ನಡೀತೈತಿ. ಛಲೋ ಇರಲಿಲ್ಲ ಅಂದ್ರೂ ಅಡ್ಡಿಯಿಲ್ಲ. ಕೇಳೇವಿ ಅಂದ್ರ ಸಾಕು."